ಹಂದಿ ಇಲ್ಲೆ, ಕಣಿಲೆ ಉಟ್ಟು

ಈ ವಾರ ಕಾಚಂಪುಳಿಯ ತಕರಾರು ತೀರಿಸಿಬಿಡುತ್ತೇನೆ ಎಂದು ಕಳೆದ ವಾರ ಮಾತು ಕೊಟ್ಟಿದ್ದೆ. ಪಂದಿಕರಿಗೆ ಹುಣಸೆಹಣ್ಣು ಕಿವುಚುವವರು, ಟೊಮೆಟೊ ಹಾಕಿ ಕೆಂಪು ಮಾಡುವವರು, ಅಂಗಡಿಯ ವಿನೆಗರ್ ಸುರಿದು ‘ಹುಳಿ ಎಂದರೆ ಹುಳಿ, ಯಾವುದಾದರೇನು’ ಎನ್ನುವವರು ಮೂವರಿಗೂ ಉತ್ತರ ಬಾಕಿ ಇದೆ. ಬರೆಯುವ ಮೊದಲು ಒಂದು ಒಳ್ಳೆಯ ತಟ್ಟೆ ಎದುರಿಗಿರಲಿ ಎಂದು ಬುಧವಾರ ಮಧ್ಯಾಹ್ನ ಮಳೆಯಲ್ಲೇ ಗಾಳಿಬೀಡಿಗೆ ಹೊರಟೆ. ಮಡಿಕೇರಿಯಿಂದ ಹತ್ತು ಕಿಲೋಮೀಟರಿನೊಳಗಿನ ದಾರಿ. ಮಕ್ಕಳನ್ನು ಅಲ್ಲಿನ ನವೋದಯ ಶಾಲೆಗೆ ಸೇರಿಸಿದವರಿಗೆ ತಿರುವು ತಿರುವೂ ಗೊತ್ತು. ಆಟಿ ತಿಂಗಳಲ್ಲಿ ಇಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಗಾಳಿಯ ಜೊತೆ ಅಡ್ಡಕ್ಕೆ ಬರುತ್ತದೆ.

ದಾರಿ ಪಕ್ಕದಲ್ಲಿ ನಾಲ್ಕು ಬೆಂಚಿನ ಒಂದು ಹೋಟೆಲ್. ಯಾವ ಬೆಂಚಿನಲ್ಲಿ ಕೂತರೂ ಒಲೆ ಕಾಣುತ್ತದೆ. ನಾನು ಕೊಡೆ ಮಡಚುವಷ್ಟರಲ್ಲಿ ಅಕ್ಕ ಒಳಗಿನಿಂದಲೇ ಹೇಳಿದರು: “ಹಂದಿ ಇಲ್ಲೆ ಅಣ್ಣಾ, ಕಣಿಲೆ ಉಟ್ಟು.”

ಕಾಚಂಪುಳಿ ಮುಂದಿನ ವಾರಕ್ಕೆ ಹೋಯಿತು. ಇಂದು ಬರೆಯಬೇಕಾದದ್ದು ಆ ‘ಇಲ್ಲೆ’ಯ ಬಗ್ಗೆ.

ಮೊದಲು ತಟ್ಟೆ. ಕೆಂಡದ ಮೇಲೆ ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದ ಎರಡು ಅಕ್ಕಿರೊಟ್ಟಿ. ಪಕ್ಕದಲ್ಲಿ ಮೊಳಕೆ ಬಂದ ಹೆಸರುಕಾಳು ಸೇರಿಸಿದ ಕಣಿಲೆ. ಹುರಿದ ಕೊತ್ತಂಬರಿ, ಒಣಮೆಣಸು, ತೆಂಗಿನಕಾಯಿ ಅರೆದ ಮಸಾಲೆ, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಕಾಳು ಬಾಯಲ್ಲಿ ಕರಗಿದರೂ ಕಣಿಲೆಯ ಹೋಳು ಹಲ್ಲಿಗೆ ಕರಕರ ಎನ್ನುತ್ತಿತ್ತು. ಆ ವಾಸನೆಗೆ ಮೂಗು ಮುರಿಯುವವರಿದ್ದಾರೆ. ನೀರಲ್ಲಿ ನೆನೆದು ಸ್ವಲ್ಪ ಹುಳಿಬಂದ ವಾಸನೆ ಅದು. ಅದಿಲ್ಲದಿದ್ದರೆ ಕಣಿಲೆ ತಿಂದಂತಾಗುವುದಿಲ್ಲ.

ಕೊಡವರ ಬೈಂಬಳೆ, ಅರೆಭಾಷೆಯವರ ಕಣಿಲೆ, ಮಲೆನಾಡಿನವರ ಕಳಲೆ ಎಲ್ಲವೂ ಮುಂಗಾರಿಗೆ ಬಿದಿರುಮೆಳೆಯ ಬುಡದಲ್ಲಿ ಏಳುವ ಎಳೆ ಮೊಳಕೆಯೇ. ಒರಟು ಸಿಪ್ಪೆ ಬಿಡಿಸಿ, ಗಟ್ಟಿ ಗಂಟು ಬಿಟ್ಟು, ಎಳೆಯ ಭಾಗವನ್ನಷ್ಟೇ ಹೆಚ್ಚಬೇಕು. ಹೆಚ್ಚಿದ್ದನ್ನು ಅಂದೇ ಒಲೆಗೇರಿಸುವಂತಿಲ್ಲ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಕಹಿ ಅಂಶ ಇರುವುದರಿಂದ ಎರಡು ಮೂರು ದಿನ ನೀರಲ್ಲಿ ನೆನೆಹಾಕಿ, ದಿನವೂ ಆ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಆಮೇಲೆ ಚೆನ್ನಾಗಿ ಬೇಯಿಸಬೇಕು. ಬುಧವಾರ ನಾನು ತಿಂದದ್ದನ್ನು ಆ ಅಕ್ಕ ಭಾನುವಾರವೇ ಹೆಚ್ಚಿಟ್ಟಿದ್ದರು. ನಾನು ಬರುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ, ಅಡುಗೆ ಮಾತ್ರ ಮೂರು ದಿನದಿಂದ ನಡೆಯುತ್ತಲೇ ಇತ್ತು.

ಎರಡು ವರ್ಷದ ಹಿಂದೆ ಇದೇ ಜಿಲ್ಲೆಯ ಒಂದು ದೊಡ್ಡ ರೆಸಾರ್ಟಿನಲ್ಲಿ, ಇದೇ ಆಟಿಯಲ್ಲಿ, ಡಬ್ಬಿಯಿಂದ ತೆಗೆದ ಬೈಂಬಳೆ ತಿಂದೆ. ಬೆಳ್ಳಗೆ, ಒಂದೇ ಅಳತೆಯ ಹೋಳು, ವಾಸನೆಯೇ ಇಲ್ಲ. ಕಿಟಕಿಯಾಚೆ ಬೇಲಿಯ ಬಿದಿರಿನಲ್ಲಿ ಮೊಳಕೆ ಆಳೆತ್ತರ ನಿಂತಿತ್ತು. ಅಂದಿನ ಬೇಸರ ಇನ್ನೂ ಹೋಗಿಲ್ಲ.

ಎಲ್ಲ ದಿನ ಎಲ್ಲ ತಿಂಡಿಯೂ ಸಿಗಬೇಕು ಎನ್ನುವ ಪಂಥಕ್ಕೂ ಒಂದು ವಾದವಿದೆ. ಪ್ರವಾಸಿ ಬರುವುದು ಒಂದೇ ದಿನಕ್ಕೆ, ಪಂದಿಕರಿ, ಕಡಂಬುಟ್ಟು, ನೂಪುಟ್ಟು ಎಂಬ ಹೆಸರು ಕೇಳಿಕೊಂಡೇ ಬಂದಿರುತ್ತಾನೆ, ಅವನನ್ನು ಬರಿಗೈಲಿ ಕಳಿಸುವುದು ಸರಿಯೇ ಎನ್ನುತ್ತಾರೆ. ಆದರೆ ಆ ಮಾತನ್ನು ಉಳಿಸಿಕೊಳ್ಳಲು ಏನು ಮಾಡಬೇಕಾಗುತ್ತದೆ ನೋಡಿ. ಫ್ರೀಜರ್ ಬೇಕು, ಡಬ್ಬಿ ಬೇಕು, ಎಲ್ಲಕ್ಕೂ ಒಂದೇ ಮಸಾಲೆಯ ಮುದ್ದೆ ಬೇಕು. ಕೊನೆಗೆ ಅತಿಥಿ ತಿನ್ನುವುದು ತಿಂಡಿಯ ಹೆಸರನ್ನು. ಆಟಿಯ ಕೊಡಗಿಗೆ ಬಂದವನಿಗೆ ಆಟಿಯ ಊಟವನ್ನೇ ಬಡಿಸದೆ ಕಳಿಸುವುದು ಆತಿಥ್ಯವೆಂದು ನಾನು ಒಪ್ಪುವುದಿಲ್ಲ.

ಈ ಮಾತಿಗೆ ನನ್ನ ಬಲ ‘ಸೂಪಶಾಸ್ತ್ರ’. ಚಂಗಾಳ್ವ ಅರಸರ ಮಂತ್ರಿ ಮನೆತನದ ಮೂರನೆಯ ಮಂಗರಸ ಸುಮಾರು 500 ವರ್ಷದ ಹಿಂದೆ ಷಟ್ಪದಿಯಲ್ಲಿ ಬರೆದ ಅಡುಗೆಯ ಪುಸ್ತಕ. ಮಂಗರಸ ಜೈನ, ಆದ್ದರಿಂದ ಅಲ್ಲಿ ಮಾಂಸವಿಲ್ಲ. ಮತ್ತೆ ಮತ್ತೆ ತೆರೆದಾಗಲೆಲ್ಲ ನನ್ನ ಕಣ್ಣು ಹೋಗುವುದು ಅಧ್ಯಾಯಗಳ ಜೋಡಣೆಯ ಕಡೆಗೆ. ಬದನೆಗೆ, ಬಾಳೆಗೆ, ಹಲಸಿಗೆ ಜಾಗ ಕೊಟ್ಟಂತೆಯೇ ಕಳಲೆಗೂ ನೆಲ್ಲಿಗೂ ಕೊಟ್ಟಿದ್ದಾನೆ. ಆ ಅಧ್ಯಾಯಗಳಲ್ಲಿ ಕೈಗೆ ಬಂದ ಕಾಯಿ ಯಾವುದು ಎಂಬಲ್ಲಿಂದ ಶುರುಮಾಡಿ, ಅದರಿಂದ ಎಷ್ಟು ಬಗೆ ಮಾಡಬಹುದು ಎಂದು ಹೇಳುತ್ತಾ ಹೋಗುತ್ತಾನೆ. ನಮ್ಮ ಮೆನು ಕಾರ್ಡುಗಳು ತಿಂಡಿಯ ಹೆಸರಿನಿಂದ ಶುರುವಾಗಿ, ಆಮೇಲೆ ಕಾಯಿ ಹುಡುಕಲು ಹೋಗುತ್ತವೆ. ಗಾಳಿಬೀಡಿನ ಅಕ್ಕ ಮಂಗರಸನನ್ನು ಓದಿರಬೇಕಿಲ್ಲ. ಅವರ ಅಡುಗೆಮನೆಯ ಲೆಕ್ಕವೂ ಅವನದೇ.

ಆ ಲೆಕ್ಕ ಈ ಊರಿಗೆ ಮಳೆ ಕಲಿಸಿದ್ದು. ಆಟಿಯಲ್ಲಿ ಹೊಳೆ ತುಂಬಿ ಪೇಟೆಯ ದಾರಿ ನಿಂತುಹೋಗುತ್ತಿದ್ದ ಕಾಲದಲ್ಲಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಕಾಪಿಟ್ಟ ಹಲಸಿನ ಬೀಜ, ಮರಕೆಸುವಿನ ಪತ್ರೊಡೆ, ಕಣಿಲೆ ಇವೇ ಮನೆಯನ್ನು ಸಾಕುತ್ತಿದ್ದವು. ಆಟಿ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ. ಅದು ಹಳೆಯ ಕಾಲದ ಮಾತು ಎಂದುಕೊಂಡಿದ್ದವರಿಗೆ 2018ರ ಆಗಸ್ಟ್ ಉತ್ತರ ಕೊಟ್ಟಿತು. ಗಾಳಿಬೀಡು, ಕಾಲೂರು, ಮಕ್ಕಂದೂರು ಸುತ್ತ ಗುಡ್ಡ ಕುಸಿದು ದಾರಿಗಳೇ ಇಲ್ಲವಾದವು. ಇಲ್ಲಿನ ಅಡುಗೆಗೆ ‘ಇಲ್ಲ’ ಎಂಬುದು ಹೊಸ ಪದವಲ್ಲ. ಆ ಪದದ ಪಕ್ಕದಲ್ಲಿ ಏನನ್ನು ಇಡಬೇಕು ಎಂಬುದನ್ನು ಅದು ಯಾವತ್ತೋ ಕಲಿತಿದೆ.

ಆದ್ದರಿಂದ ಓದುಗರಲ್ಲಿ ಒಂದು ಕೇಳಿಕೆ. ದಾರಿಬದಿಯ ಹೋಟೆಲಿನವರು ನೀವು ಕೇಳಿದ್ದು ಇಲ್ಲ ಎಂದರೆ ಎದ್ದು ಹೋಗಬೇಡಿ. ಏನಿದೆ ಎಂದು ಕೇಳಿ. ಇಲ್ಲದ್ದನ್ನು ಇಲ್ಲವೆಂದವರು ಇರುವುದರ ಬಗ್ಗೆ ಸುಳ್ಳು ಹೇಳುವುದು ಅಪರೂಪ.

ಕೈತೊಳೆಯಲು ಹಿಂದಕ್ಕೆ ಹೋದಾಗ ಮಾಡಿನ ಕೆಳಗೆ ಇನ್ನೊಂದು ಪಾತ್ರೆ ಇತ್ತು. ಅಕ್ಕ ಅದರ ನೀರು ಬಸಿದು, ಹೊಸ ನೀರು ತುಂಬಿ, ಹೋಳುಗಳನ್ನು ಕೈಯಿಂದ ಒತ್ತಿ ಮುಳುಗಿಸುತ್ತಿದ್ದರು. ಇದು ಯಾವಾಗ ಎಂದು ಕೇಳಿದೆ. ಇನ್ನೂ ಒಂದು ನೀರು ಬಾಕಿ ಇದೆ, ನಾಡಿದ್ದು ಬನ್ನಿ ಎಂದರು. ನಾಡಿದ್ದು ಹೋಗುತ್ತೇನೆ.