ಎಚ್‌ಡಿಎಲ್ ಅಂಕಿಗೆ ಇಷ್ಟೊಂದು ಮಣೆ ಬೇಡ

ಕಲ್ಯಾಣ, ಡೊಂಬಿವಲಿಯ ನಮ್ಮ ಕನ್ನಡ ಮನೆಗಳಲ್ಲಿ ಲಿಪಿಡ್ ಪ್ರೊಫೈಲ್ ವರದಿ ಬಂದೊಡನೆ ಕಣ್ಣು ಹೋಗುವುದು ಎಚ್‌ಡಿಎಲ್ ಸಾಲಿಗೆ. ಅದು ‘ಒಳ್ಳೆಯ ಕೊಲೆಸ್ಟ್ರಾಲ್’, ಹೆಚ್ಚಿದ್ದಷ್ಟೂ ಹೃದಯಕ್ಕೆ ರಕ್ಷೆ ಎಂಬ ನಂಬಿಕೆ ಅಷ್ಟು ಗಟ್ಟಿ. ಈ ನಂಬಿಕೆ ಪರೀಕ್ಷೆಗೆ ನಿಲ್ಲುವುದಿಲ್ಲ. ಅದಕ್ಕೆ ಮುಖ್ಯ ಸಾಕ್ಷಿ ಎಬಿಸಿಎ1 ಎಂಬ ಜೀನ್.

9ನೇ ಕ್ರೋಮೋಸೋಮಿನಲ್ಲಿರುವ ಈ ಜೀನ್ ರೂಪಿಸುವ ಪ್ರೋಟೀನು ಜೀವಕೋಶದ ಪೊರೆಯಲ್ಲಿ ಕೂತು ಒಳಗಿನ ಕೊಲೆಸ್ಟ್ರಾಲನ್ನು ಹೊರಗೆ ದಾಟಿಸುತ್ತದೆ. ಅಲ್ಲಿ ಅಪೊ ಎ-1 ಪ್ರೋಟೀನು ಅದನ್ನು ಪಡೆದುಕೊಂಡಾಗಲೇ ಎಚ್‌ಡಿಎಲ್ ಕಣ ಹುಟ್ಟುವುದು. ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಟಾಂಜಿಯರ್ ಕಾಯಿಲೆ: ಎಚ್‌ಡಿಎಲ್ ಬಹುತೇಕ ಶೂನ್ಯ, ಟಾನ್ಸಿಲ್ ಕಿತ್ತಳೆ ಬಣ್ಣ. 1961ರಲ್ಲಿ ವರದಿಯಾದ ಈ ಕಾಯಿಲೆಯ ಮೂಲ ಈ ಜೀನಿನಲ್ಲಿದೆಯೆಂದು 1999ರಲ್ಲಿ ತಿಳಿಯಿತು.

ಒಂದೇ ಪ್ರತಿ ಕೆಟ್ಟವರಲ್ಲಿ ಎಚ್‌ಡಿಎಲ್ ಹುಟ್ಟಿನಿಂದಲೇ ಕಡಿಮೆ. ನಂಬಿಕೆ ನಿಜವಾಗಿದ್ದರೆ ಅವರಿಗೆ ಹೃದ್ರೋಗ ಹೆಚ್ಚಬೇಕಿತ್ತು. 2008ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಅಧ್ಯಯನದಲ್ಲಿ ಅಂಥವರ ಎಚ್‌ಡಿಎಲ್ 41, ಉಳಿದವರದು 58. ಹೃದ್ರೋಗ ಮಾತ್ರ ಹೆಚ್ಚಿರಲಿಲ್ಲ. ಇನ್ನು ಟಾರ್ಸೆಟ್ರಪಿಬ್ ಎಂಬ ಔಷಧಿ ಎಚ್‌ಡಿಎಲ್ಲನ್ನು ಶೇ. 72ರಷ್ಟು ಏರಿಸಿತು. ಆದರೆ ಅದನ್ನು ತೆಗೆದುಕೊಂಡವರಲ್ಲೇ ಸಾವು ಹೆಚ್ಚಿ, 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ಕಾರಣ ಸರಳ. ಕಲ್ಯಾಣ ಜಂಕ್ಷನ್ನಿನಲ್ಲಿ ನಿಂತ ಲೋಕಲ್‌ಗಳನ್ನು ಎಣಿಸಿದರೆ ಎಷ್ಟು ಜನ ಸಿಎಸ್‌ಎಂಟಿ ಮುಟ್ಟಿದರೆಂದು ಗೊತ್ತಾಗದು. ಹಾಗೆಯೇ ವರದಿಯ ಅಂಕಿ ಹೇಳುವುದು ಆ ಗಳಿಗೆಯಲ್ಲಿ ಎಚ್‌ಡಿಎಲ್ ಕಣಗಳಲ್ಲಿರುವ ಕೊಲೆಸ್ಟ್ರಾಲನ್ನು ಮಾತ್ರ, ರಕ್ತನಾಳದ ಗೋಡೆಯಿಂದ ತೆರವಾದದ್ದನ್ನಲ್ಲ.

‘ಭಾರತೀಯರಲ್ಲಿ ಎಚ್‌ಡಿಎಲ್ ಕಡಿಮೆ, ಹೃದಯಾಘಾತವೂ ಬೇಗ’ ಎಂಬ ಆಕ್ಷೇಪ ಬರುತ್ತದೆ. ಎರಡೂ ನಿಜ. ಆದರೆ ನಮ್ಮಲ್ಲಿ ಕಡಿಮೆ ಎಚ್‌ಡಿಎಲ್ ಜೊತೆಗೆ ಸಾಮಾನ್ಯವಾಗಿ ಹೊಟ್ಟೆಯ ಬೊಜ್ಜು, ಟ್ರೈಗ್ಲಿಸರೈಡ್, ಸಕ್ಕರೆ ಎಲ್ಲವೂ ಇರುತ್ತವೆ. ಅಂಕಿ ಎಚ್ಚರಿಕೆಯ ಗುರುತು. ಚಿಕಿತ್ಸೆ ಬೇಕಿರುವುದು ಇವುಗಳಿಗೆ.

ನಿಜವಾದ ಅಪಾಯ ಹುಸಿ ನೆಮ್ಮದಿಯಲ್ಲಿದೆ. ಒಟ್ಟು ಕೊಲೆಸ್ಟ್ರಾಲ್ 220, ಎಚ್‌ಡಿಎಲ್ 60, ಟ್ರೈಗ್ಲಿಸರೈಡ್ 100 ಇರುವ ವರದಿ ನೋಡಿ. ಒಟ್ಟು ಕೊಲೆಸ್ಟ್ರಾಲಿಗೂ ಎಚ್‌ಡಿಎಲ್‌ಗೂ ಇರುವ ಅನುಪಾತ 3.7, ಅಂದರೆ ‘ನಾರ್ಮಲ್’. ಅದೇ ಕಾಗದದಲ್ಲಿ ಎಲ್‌ಡಿಎಲ್ 140! ರಕ್ತನಾಳವನ್ನು ಕೆಡಿಸುವುದು ಅದು. ಪಕ್ಕದ 60 ಅದನ್ನು ವಜಾ ಮಾಡುವುದಿಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು ಉಳಿಯುವ 160ರ ಬಗ್ಗೆ ಡಾಕ್ಟರರನ್ನು ಕೇಳಿ. ಲ್ಯಾಬುಗಳು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕಾದ ಅಂಕಿಯೂ ಅದೇ.