ಮೌನವಾದ ಮುದ್ರಿಕೆ: ಒಂದು ಚಿಕಿತ್ಸಾಕ್ರಮದ ವಿಮರ್ಶೆ

ಕಂಪ್ಯೂಟರಿನ ಪರದೆಯ ಮೇಲೆ ನಡೆಯುವುದನ್ನು ವಿವರಣೆಯ ಸಮೇತ ರೆಕಾರ್ಡ್ ಮಾಡಿ, ಆ ಫೈಲನ್ನು ಸಂಕಲನದ ತಂತ್ರಾಂಶಕ್ಕೆ ತಂದಾಗ, ಚಿತ್ರವು ಯಾವ ಕುಂದೂ ಇಲ್ಲದೆ ಓಡುತ್ತಿದ್ದು ಧ್ವನಿ ಮಾತ್ರ ಇಲ್ಲವಾಗಿರುವುದು ವಿಡಿಯೋ ಕೆಲಸ ಮಾಡುವವರಿಗೆಲ್ಲ ಚಿರಪರಿಚಿತವಾದ ಸಂಕಟ. ಪಾಠ ಹೇಳುವವರಿಗಂತೂ ಇದು ಸಣ್ಣ ನಷ್ಟವಲ್ಲ. ಪರದೆಯ ಮೇಲೆ ಅಲೆದಾಡುವ ಬಾಣದ ಗುರುತಿಗೆ ಅರ್ಥ ಬರುವುದು ಅವರ ಮಾತಿನಿಂದಲೇ ಅಲ್ಲವೆ? ಇದಕ್ಕೆ ರೂಢಿಯಲ್ಲಿರುವ ಚಿಕಿತ್ಸೆ ಒಂದೇ: ಕೈಗೆ ಸಿಕ್ಕ ಪರಿವರ್ತಕಕ್ಕೆ ಇಡೀ ಫೈಲನ್ನು ಒಪ್ಪಿಸಿ, ಹೊರಬಂದ ಹೊಸ ಫೈಲನ್ನು ಮತ್ತೆ ಸಂಕಲನಕ್ಕೆ ತರುವುದು. ಈ ಕ್ರಮ ಕೆಲವೊಮ್ಮೆ ಫಲಿಸುತ್ತದೆ. ಆದರೆ ನಿದಾನವಿಲ್ಲದ ಔಷಧವಾದುದರಿಂದ, ಅದು ಫಲಿಸುವುದು ಬಹುಮಟ್ಟಿಗೆ ಅದೃಷ್ಟವಶಾತ್.

ಮೊದಲು ನಿರ್ಣಯಿಸಬೇಕಾದುದು, ಧ್ವನಿ ಫೈಲಿನಲ್ಲಿಯೇ ಇಲ್ಲವೋ, ಇದ್ದೂ ಸಂಕಲನದ ತಂತ್ರಾಂಶಕ್ಕೆ ದಕ್ಕುತ್ತಿಲ್ಲವೋ ಎಂಬುದು. ವಿಎಲ್‌ಸಿ ತನಗೆ ಬೇಕಾದ ಕೋಡೆಕ್‌ಗಳನ್ನು, ಎಂದರೆ ಧ್ವನಿ-ಚಿತ್ರಗಳನ್ನು ಸಂಕುಚಿಸಿ ಬಿಡಿಸುವ ಕ್ರಮಗಳನ್ನು, ತಾನೇ ಹೊತ್ತು ತರುವ ಪ್ಲೇಯರ್ ಆದುದರಿಂದ, ಅಲ್ಲಿ ಕೇಳಿಬಂದ ಧ್ವನಿ ಫೈಲಿನಲ್ಲಿ ಇದೆಯೆಂದೇ ತಿಳಿಯಬೇಕು. ಮೀಡಿಯಾಇನ್ಫೋ ಎಂಬ ಪುಟ್ಟ ತಂತ್ರಾಂಶವು ಫೈಲಿನಲ್ಲಿ ಎಷ್ಟು ಟ್ರ್ಯಾಕ್‌ಗಳಿವೆ, ಅವು ಯಾವ ಕೋಡೆಕ್‌ನಲ್ಲಿವೆ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ. ರೆಕಾರ್ಡೇ ಆಗದ ಧ್ವನಿಯನ್ನು ಯಾವ ಪರಿವರ್ತಕವೂ ಸೃಷ್ಟಿಸಲಾರದು. ಮ್ಯಾಕ್‌ನ ಕ್ವಿಕ್‌ಟೈಮ್ ಬಹುಕಾಲದವರೆಗೆ ಮೈಕಿನ ಧ್ವನಿಯನ್ನಲ್ಲದೆ ಯಂತ್ರದೊಳಗಿನ ಧ್ವನಿಯನ್ನು ಹಿಡಿಯುತ್ತಿರಲಿಲ್ಲ. ಅದಕ್ಕಾಗಿ ಬ್ಲ್ಯಾಕ್‌ಹೋಲ್‌ನಂಥ ತಂತ್ರಾಂಶವನ್ನು ಆಶ್ರಯಿಸಬೇಕಾಗಿತ್ತು. ಐಫೋನಿನಲ್ಲಿ ರೆಕಾರ್ಡಿಂಗ್ ಗುಂಡಿಯನ್ನು ಕೊಂಚಹೊತ್ತು ಒತ್ತಿಹಿಡಿದು ಮೈಕನ್ನು ಆನ್ ಮಾಡದಿದ್ದರೆ, ಮಾತನಾಡುವವನ ಧ್ವನಿ ಅದರಲ್ಲಿ ಬರುವುದೇ ಇಲ್ಲ.

ಇದ್ದೂ ಕೇಳದ ಧ್ವನಿಯ ಕತೆ ಇನ್ನೂ ಸ್ವಾರಸ್ಯವಾದುದು. ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆಯ ಸಂಕಲನದ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್ ಲಿನಕ್ಸ್‌ನಲ್ಲಿ ಹಲವು ವರ್ಷಗಳ ಕಾಲ ಎಎಸಿ ಎಂಬ ಕೋಡೆಕ್‌ನಲ್ಲಿರುವ ಧ್ವನಿಯನ್ನು ಓದುತ್ತಿರಲಿಲ್ಲ. ಹಣ ಕೊಟ್ಟು ಪಡೆದ ಆವೃತ್ತಿಯಲ್ಲಿಯೂ ಚಿತ್ರವಷ್ಟೇ ಟೈಮ್‌ಲೈನ್‌ಗೆ ಬಂದು, ಧ್ವನಿ ಹೊರಗೆ ಉಳಿಯುತ್ತಿತ್ತು. ಪರದೆಯನ್ನು ರೆಕಾರ್ಡ್ ಮಾಡುವ ತಂತ್ರಾಂಶವಾದ ಒಬಿಎಸ್ ಸಾಮಾನ್ಯವಾಗಿ ಬರೆಯುವುದು ಎಎಸಿಯನ್ನೇ ಆದುದರಿಂದ, ಈ ಎರಡು ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಜೊತೆಗೂಡಿಸಿದವರಿಗೆ ಮೌನವೇ ಗತಿಯಾಯಿತು. ಇಲ್ಲಿ ಚಿತ್ರಕ್ಕೆ ಚಿಕಿತ್ಸೆ ಮಾಡುವುದು ಅನಗತ್ಯ ಮಾತ್ರವಲ್ಲ, ಹಾನಿಕರವೂ ಹೌದು. ಮತ್ತೆ ಸಂಕುಚಿಸಿದ ಪರದೆಯಲ್ಲಿ ಮೊದಲು ಮಸುಕಾಗುವುದು ಸಣ್ಣ ಅಕ್ಷರಗಳು. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕದಿಂದ ಚಿತ್ರವನ್ನು ಇದ್ದಂತೆಯೇ ನಕಲಿಸಿ, ಧ್ವನಿಯನ್ನಷ್ಟೇ ಸಂಕುಚಿಸದ ರೂಪವಾದ ಪಿಸಿಎಂಗೆ ಬದಲಿಸಿ, ಎಂಓವಿ ಫೈಲಾಗಿ ಉಳಿಸಿಕೊಂಡರೆ ಸಾಕು. ಒಂದು ಗಂಟೆಯ ಧ್ವನಿಗೆ 160 ಕಿಲೋಬಿಟ್‌ನ ಎಎಸಿಯಲ್ಲಿ ಸುಮಾರು 72 ಎಂಬಿ ಹಿಡಿದರೆ, 48 ಕಿಲೋಹರ್ಟ್ಸ್, 16 ಬಿಟ್‌ನ ಸ್ಟೀರಿಯೋ ಪಿಸಿಎಂನಲ್ಲಿ ಸುಮಾರು 690 ಎಂಬಿ ಹಿಡಿಯುತ್ತದೆ. ಡಿಸ್ಕಿನ ಈ ವೆಚ್ಚ ಚಿತ್ರದ ನಿರ್ಮಲತೆಗಾಗಿ ತೆರಬಹುದಾದ ಬೆಲೆಯೇ.

ಪರಿವರ್ತಕವೇ ಧ್ವನಿಯನ್ನು ಕಳೆದುಹಾಕುವ ಪ್ರಸಂಗವೂ ಉಂಟು. ಒಬಿಎಸ್ ಆರು ಟ್ರ್ಯಾಕ್‌ಗಳವರೆಗೆ ಬೇರೆ ಬೇರೆಯಾಗಿ ಬರೆಯಬಲ್ಲದು. ಯಂತ್ರದ ಧ್ವನಿ ಒಂದನೆಯದರಲ್ಲಿಯೂ ಮೈಕಿನ ಧ್ವನಿ ಎರಡನೆಯದರಲ್ಲಿಯೂ ಇರುವಂತೆ ಗುರುತು ಹಾಕಿಕೊಳ್ಳುವುದು ಅನುಭವಸ್ಥರ ಪದ್ಧತಿ. ಆದರೆ ಎಫ್‌ಎಫ್‌ಎಂಪೆಗ್‌ಗೆ ಸ್ಪಷ್ಟವಾಗಿ ಹೇಳದಿದ್ದರೆ ಅದು ಒಂದೇ ಧ್ವನಿ ಟ್ರ್ಯಾಕನ್ನು ಆಯ್ದುಕೊಂಡು ಉಳಿದವನ್ನು ಬಿಟ್ಟುಬಿಡುತ್ತದೆ. ಹೀಗೆ ಪರಿಹಾರವೆಂದು ಕೈಗೊಂಡ ಕಾರ್ಯವೇ ಮಾತನ್ನು ಅಳಿಸಿಹಾಕಬಹುದು. ಇನ್ನು, ಒಬಿಎಸ್ ಬರೆದ ಫೈಲು ಎಂಕೆವಿ ರೂಪದಲ್ಲಿರುವ ಕಾರಣಕ್ಕೆ ಸಂಕಲನದ ತಂತ್ರಾಂಶ ಅದನ್ನು ಒಪ್ಪದಿದ್ದರೆ, ಕರೆಂಟು ಹೋದರೂ ಬರೆದಷ್ಟು ಉಳಿಯುವುದೆಂಬ ಗುಣಕ್ಕಾಗಿ ಆ ರೂಪವನ್ನು ಬಿಡದೆ, ಒಬಿಎಸ್‌ನಲ್ಲಿಯೇ ಇರುವ ರೀಮಕ್ಸ್ ಸೌಲಭ್ಯದಿಂದ ಹೊರರೂಪವನ್ನು ಮಾತ್ರ ಬದಲಿಸಿಕೊಳ್ಳಬಹುದು. ಒಳಗಿನ ಚಿತ್ರವೂ ಧ್ವನಿಯೂ ಅದರಿಂದ ಕದಲುವುದಿಲ್ಲ.

ಇಷ್ಟಾದರೂ ರೂಢಿಯ ಕ್ರಮವನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಫೋನಿನ ರೆಕಾರ್ಡಿಂಗ್‌ಗಳಲ್ಲಿ ಫ್ರೇಮುಗಳ ವೇಗ ಒಂದೇ ಸಮನಾಗಿರದೆ, ಧ್ವನಿಯು ಕ್ರಮೇಣ ತುಟಿಯ ಚಲನೆಯಿಂದ ಹಿಂದೆ ಸರಿಯುವಾಗ, ಹ್ಯಾಂಡ್‌ಬ್ರೇಕ್‌ನಂಥ ಪರಿವರ್ತಕದಿಂದ ಸ್ಥಿರವೇಗಕ್ಕೆ ತರುವುದೇ ಸರಿಯಾದ ಉಪಾಯ. ಅಲ್ಲಿ ಚಿತ್ರವನ್ನು ಮುಟ್ಟುವುದು ಅನಿವಾರ್ಯ, ಉಳಿದೆಡೆ ಅವಿವೇಕ.

ಕೊನೆಗೆ ತೀರ್ಪು ಹೇಳುವುದಾದರೆ, ದೋಷದ ದೊಡ್ಡ ಪಾಲು ಬಳಸುವವನದಲ್ಲ. ಧ್ವನಿಯನ್ನು ಓದಲಾರದ ತಂತ್ರಾಂಶವು, ಇಂಥ ಕೋಡೆಕ್ ತನಗೆ ತಿಳಿಯದೆಂದು ಆಮದಿನ ಕ್ಷಣದಲ್ಲಿಯೇ ಒಂದು ವಾಕ್ಯದಲ್ಲಿ ಹೇಳದೆ ಚಿತ್ರವನ್ನಷ್ಟೇ ತೋರಿಸುವುದು ಅಕ್ಷಮ್ಯವಾದ ಔದಾಸೀನ್ಯ. ತಯಾರಕರು ಅದನ್ನು ತಿದ್ದಿಕೊಳ್ಳುವವರೆಗೆ, ಗಂಟೆಗಟ್ಟಲೆ ರೆಕಾರ್ಡ್ ಮಾಡಲು ಕೂರುವ ಮುನ್ನ ಅರೆ ನಿಮಿಷದ ತುಣುಕೊಂದನ್ನು ತೆಗೆದು ಸಂಕಲನದ ಟೈಮ್‌ಲೈನ್‌ಗೆ ತಂದು ಕೇಳಿ ನೋಡುವುದೂ, ಮೂಲ ಫೈಲನ್ನು ಕೆಲಸ ಮುಗಿಯುವವರೆಗೆ ಅಳಿಸದಿರುವುದೂ ಓದುಗರು ಪಾಲಿಸಬೇಕಾದ ಎರಡು ನಿಯಮಗಳು.