ಪೆನ್ಸಿಲ್ ಚಿತ್ರವನ್ನು ಓರೆಯಿಂದಲೂ ನೋಡಿ

ಗ್ಯಾಲರಿಯಲ್ಲಿ ಪೆನ್ಸಿಲ್ ಚಿತ್ರ ಕಂಡರೆ ಎದುರಿಗಷ್ಟೇ ನಿಲ್ಲಬೇಡಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ. ಕಡುಗಪ್ಪೆಂದುಕೊಂಡ ಜಾಗ ಲೋಹದಂತೆ ಮಿನುಗುತ್ತದೆ. ಇದ್ದಿಲಿನ ಕಪ್ಪು ಬೆಳಕನ್ನು ನುಂಗಿಬಿಡುತ್ತದೆ, ಪೆನ್ಸಿಲ್ಲಿನ ಗ್ರಾಫೈಟ್ ಒಂದಷ್ಟನ್ನು ಮರಳಿಸುತ್ತದೆ.

ಗ್ರಾಫೈಟ್ ಇಂಗಾಲದ ತೆಳು ಪದರಗಳ ಅಟ್ಟಿ. ಪದರದೊಳಗಿನ ಬಂಧ ಬಲು ಗಟ್ಟಿ, ಪದರಗಳ ನಡುವಿನ ಹಿಡಿತ ಸಡಿಲ. ಗೀರಿದಾಗ ಸಣ್ಣ ಚೂರುಗಳು ಕಳಚಿ ಕಾಗದದ ತರಿಯಲ್ಲಿ ಕೂರುತ್ತವೆ. ಒತ್ತಿದಷ್ಟೂ ಚಪ್ಪಟೆಯಾಗಿ ಮಲಗಿ ಹೊಳೆಯುತ್ತವೆ. ಹೀಗೆ ಕೈಯ ಭಾರವೇ ಕಾಗದದ ಮೇಲೆ ಉಳಿಯುತ್ತದೆ. ಆದ್ದರಿಂದ ಇದು ಯಾವುದರ ಚಿತ್ರ ಎಂದು ಕೇಳುವ ಮೊದಲು, ಕೈ ಎಲ್ಲಿ ಒತ್ತಿದೆ, ಎಲ್ಲಿ ಹಗುರಾಗಿದೆ ಎಂದು ಹುಡುಕಿ.

ಫ್ರೆಂಚ್ ಕಲಾವಿದ ಆಂಗ್ರ 1819ರಲ್ಲಿ ಪಿಟೀಲುವಾದಕ ಪಗನಿನಿಯ ಪೆನ್ಸಿಲ್ ಭಾವಚಿತ್ರ ಬರೆದ. ಅವನ ಇಂಥ ಭಾವಚಿತ್ರಗಳಲ್ಲಿ ಮುಖದ ಮೇಲೆ ಗೆರೆಗಳು ಒಂದರೊಳಗೊಂದು ಬೆರೆತು, ಕೆನ್ನೆಯ ತಿರುವಿನಲ್ಲಿ ಕಂಡೂ ಕಾಣದಂತಾಗುತ್ತವೆ. ಬಟ್ಟೆಗೆ ಬಂದರೆ ಸರಸರನೆ ಎಳೆದ ಗೆರೆಗಳೇ ಸಾಕಾಗುತ್ತವೆ. ಉಳಿದದ್ದು ಖಾಲಿ ಕಾಗದ. ಆ ಬಿಳುಪನ್ನೂ ಚಿತ್ರದ ಭಾಗವಾಗಿಯೇ ನೋಡಿ, ಪೆನ್ಸಿಲ್ ಚಿತ್ರದಲ್ಲಿ ಬೆಳಕು ಬರುವುದು ಅಲ್ಲಿಂದಲೇ.

ನನಗೆ ಹೆಚ್ಚು ಪ್ರಿಯರಾದವರು ಕಲಾವಿದೆ ನಸ್ರೀನ್ ಮೊಹಮದಿ (1937–1990). ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅವರು 1970ರ ದಶಕದಲ್ಲಿ ಶಾಯಿ ಮತ್ತು ಗ್ರಾಫೈಟ್ ಎರಡನ್ನೂ ಒಂದೇ ಹಾಳೆಯಲ್ಲಿ ಬಳಸಿದರು. ಮನುಷ್ಯರಿಲ್ಲ, ಮರವಿಲ್ಲ, ಬರೀ ಗೆರೆಗಳು. ಹತ್ತಿರ ಹೋಗಿ ನೋಡಿ. ಶಾಯಿಯ ಗೆರೆ ಖಚಿತವಾಗಿ ನಿಲ್ಲುತ್ತದೆ. ಗ್ರಾಫೈಟಿನ ಗೆರೆ ಕಾಗದದ ತರಿಗೆ ಸಿಕ್ಕಿ ಅಲ್ಲಲ್ಲಿ ಒಡೆದು ಉಸಿರಾಡುತ್ತದೆ. ಕಡೆಯ ವರ್ಷಗಳಲ್ಲಿ ಕೈಕಾಲುಗಳ ಹಿಡಿತ ತಪ್ಪಿಸುವ ಕಾಯಿಲೆ ಅವರನ್ನು ಕಾಡಿತ್ತು. ಅದನ್ನು ನೆನೆದು ಆ ಗೆರೆಗಳ ನಿಖರತೆಯ ಮುಂದೆ ನಿಂತಾಗ ನನಗೆ ಮಾತು ಹೊರಡುವುದಿಲ್ಲ.

ಫೋನಿನ ಪರದೆಯಲ್ಲಿ ನೋಡಿ ತೀರ್ಮಾನಿಸಬೇಡಿ. ಹೊಳಪು, ಒತ್ತಿದ ಗುಳಿ, ಕಾಗದದ ತರಿ ಯಾವುದೂ ಅಲ್ಲಿ ಸರಿಯಾಗಿ ಬರುವುದಿಲ್ಲ. ಬದಲಿಗೆ 2ಎಚ್, ಎಚ್‌ಬಿ, 6ಬಿ ಪೆನ್ಸಿಲ್ ಕೊಳ್ಳಿ. 1795ರಲ್ಲಿ ನಿಕೊಲಾ ಕೊಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಡುವ ವಿಧಾನ ಕಂಡುಹಿಡಿದದ್ದರಿಂದ ಈ ದರ್ಜೆಗಳು ಸಾಧ್ಯವಾದವು: ಮಣ್ಣು ಹೆಚ್ಚಿದಷ್ಟೂ ಗಟ್ಟಿ, ಮಾಸಲು. ಮೂರರಲ್ಲೂ ಒಂದೊಂದು ಪಟ್ಟಿಯನ್ನು ಮೊದಲು ಹಗುರಾಗಿ, ನಂತರ ಒತ್ತಿ ಬಳಿಯಿರಿ. ಕಿಟಕಿಯ ಬೆಳಕಿನಲ್ಲಿ ಹಾಳೆಯನ್ನು ಓರೆ ಮಾಡಿ, ಆಮೇಲೆ ಗ್ಯಾಲರಿಗೆ ಹೋಗಿ.